ಜಗಲಿ ಯಾರದು, ಕಟ್ಟೆ ಯಾರದು?



ಒಬ್ಬ ಜನಪ್ರತಿನಿಧಿ ತಮ್ಮ ಫೇಸ್‌ಬುಕ್ ಪುಟದಲ್ಲಿ ಹೊಸ ರಸ್ತೆಯ ಉದ್ಘಾಟನೆಯ ಚಿತ್ರ ಹಾಕಿದ್ದಾರೆ ಎಂದುಕೊಳ್ಳಿ. ಕೆಳಗೆ ಸಾಲು ಸಾಲು ಅಭಿನಂದನೆಗಳು. ಅವುಗಳ ನಡುವೆ ಯಾರೋ ಒಬ್ಬರು, ‘ನಮ್ಮ ಬೀದಿಗೆ ಇನ್ನೂ ಚರಂಡಿ ಇಲ್ಲ’ ಎಂದು ಬರೆಯುತ್ತಾರೆ. ಸಂಜೆ ನೋಡಿದರೆ ಅಭಿನಂದನೆಗಳೆಲ್ಲ ಇವೆ, ಚರಂಡಿಯ ಮಾತು ಮಾತ್ರ ಇಲ್ಲ. ಮರುದಿನ ಮತ್ತೆ ಬರೆಯಹೋದರೆ ಬರೆಯುವ ಅವಕಾಶವೇ ಇಲ್ಲ. ಇಂಥದ್ದನ್ನು ನಿಮ್ಮಲ್ಲಿ ಕೆಲವರು ಕಂಡಿರಲೂಬಹುದು.

ಈಗ ಪ್ರಶ್ನೆ ಏಳುತ್ತದೆ. ಪುಟ ಅವರದು, ಬೇಡದ ಮಾತನ್ನು ಅಳಿಸುವ ಹಕ್ಕೂ ಅವರದೇ ಅಲ್ಲವೇ? ಅಥವಾ ಅವರು ಅಧಿಕಾರದಲ್ಲಿ ಇರುವುದರಿಂದ ಆ ಪುಟ ಊರಿನ ಸ್ವತ್ತೇ? ನಮ್ಮ ಹಳ್ಳಿಯ ಮಾತಿನಲ್ಲಿ ಕೇಳುವುದಾದರೆ, ಅದು ಮನೆಯ ಜಗಲಿಯೋ, ಊರಿನ ಅರಳಿಕಟ್ಟೆಯೋ? ಜಗಲಿಯ ಮೇಲೆ ಕುಳಿತವರನ್ನು ಮನೆಯ ಯಜಮಾನ ‘ಎದ್ದು ಹೋಗಿ’ ಎನ್ನಬಹುದು. ಕಟ್ಟೆಯ ಮೇಲೆ ಕುಳಿತವರನ್ನು ಹಾಗೆ ಎಬ್ಬಿಸಲಾಗದು. ಹಿಂದೆ ಆ ಕಟ್ಟೆ ಏರುವ ಅವಕಾಶ ಎಲ್ಲರಿಗೂ ಇರಲಿಲ್ಲ ಎಂಬುದನ್ನು ನಾವು ಮರೆಯಬಾರದು. ನಮ್ಮ ಸಂವಿಧಾನದ ದೃಷ್ಟಿಯಲ್ಲಿ ಅದು ಎಲ್ಲರಿಗೂ ಸೇರಿದ್ದು.

ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿ, ಮೇಲಿನ ಹಂತದವರೆಗೆ ವಾದಕ್ಕೆ ಒಳಗಾದದ್ದು ಅಮೆರಿಕದಲ್ಲಿ. ಆದ್ದರಿಂದ ಅಲ್ಲಿನ ಇತಿಹಾಸವನ್ನೇ ಸ್ವಲ್ಪ ಹಿಂದಿನಿಂದ ನೋಡೋಣ.

ಓದದೆ ಬದಿಗಿಟ್ಟ ಅರ್ಜಿಗಳು

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಮೊದಲನೆಯ ತಿದ್ದುಪಡಿ ವಾಕ್ ಸ್ವಾತಂತ್ರ್ಯವನ್ನು ಕಾಪಾಡುತ್ತದೆ. ಸರ್ಕಾರಕ್ಕೆ ಅಹವಾಲು ಸಲ್ಲಿಸುವ ಹಕ್ಕನ್ನೂ ಅದೇ ತಿದ್ದುಪಡಿ ಹೇಳುತ್ತದೆ. 1830ರ ದಶಕದಲ್ಲಿ ಗುಲಾಮಗಿರಿಯನ್ನು ವಿರೋಧಿಸುವ ಅರ್ಜಿಗಳು ಅಲ್ಲಿನ ಪ್ರತಿನಿಧಿ ಸಭೆಗೆ ರಾಶಿ ರಾಶಿಯಾಗಿ ಬರತೊಡಗಿದವು. ಸಹಿ ಹಾಕಿದವರಲ್ಲಿ ಬಹಳ ಮಂದಿ ಮಹಿಳೆಯರು. ಅವರಿಗೆ ಮತದಾನದ ಹಕ್ಕು ಇರಲಿಲ್ಲ. ಇದ್ದದ್ದು ಅರ್ಜಿ ಬರೆಯುವ ಹಕ್ಕು ಮಾತ್ರ.

ದಕ್ಷಿಣದ ರಾಜ್ಯಗಳ ಸದಸ್ಯರಿಗೆ ಇದು ಸಹನೆಯಾಗಲಿಲ್ಲ. 1836ರ ಮೇ ತಿಂಗಳಲ್ಲಿ ಸಭೆ ಒಂದು ನಿರ್ಣಯ ಮಾಡಿತು. ಗುಲಾಮಗಿರಿಗೆ ಸಂಬಂಧಿಸಿದ ಯಾವ ಅರ್ಜಿ ಬಂದರೂ ಅದನ್ನು ಮುದ್ರಿಸಬೇಕಾಗಿಲ್ಲ, ಸಮಿತಿಗೆ ಒಪ್ಪಿಸಬೇಕಾಗಿಲ್ಲ, ಚರ್ಚೆಯಿಲ್ಲದೆ ಬದಿಗಿಟ್ಟುಬಿಡಬೇಕು. 1840ರಲ್ಲಿ ನಿಯಮ ಇನ್ನೂ ಬಿಗಿಯಾಯಿತು. ಅಂಥ ಅರ್ಜಿಗಳನ್ನು ಸ್ವೀಕರಿಸುವುದೇ ಬೇಡ ಎಂದಾಯಿತು. ಜನ ಇದಕ್ಕೆ ‘ಗ್ಯಾಗ್ ರೂಲ್’, ಅಂದರೆ ಬಾಯಿಗೆ ಬಟ್ಟೆ ತುರುಕುವ ನಿಯಮ ಎಂದು ಹೆಸರಿಟ್ಟರು.

ಇದರ ವಿರುದ್ಧ ಹೋರಾಡಿದವರು ಜಾನ್ ಕ್ವಿನ್ಸಿ ಆಡಮ್ಸ್. 1825ರಿಂದ 1829ರವರೆಗೆ ರಾಷ್ಟ್ರಾಧ್ಯಕ್ಷರಾಗಿದ್ದ ಅವರು, 1831ರಿಂದ ಪ್ರತಿನಿಧಿ ಸಭೆಯ ಸಾಮಾನ್ಯ ಸದಸ್ಯರಾಗಿ ಕುಳಿತಿದ್ದರು. ವರ್ಷ ವರ್ಷವೂ ಅವರು ಅರ್ಜಿಗಳನ್ನು ಹಿಡಿದು ಎದ್ದು ನಿಲ್ಲುತ್ತಿದ್ದರು. 1842ರಲ್ಲಿ ಅವರ ಮೇಲೆಯೇ ಖಂಡನಾ ನಿರ್ಣಯ ತರುವ ಪ್ರಯತ್ನ ನಡೆದು ವಿಫಲವಾಯಿತು. ಕೊನೆಗೆ 1844ರ ಡಿಸೆಂಬರ್ 3ರಂದು 108ಕ್ಕೆ 80 ಮತಗಳಿಂದ ಆ ನಿಯಮ ರದ್ದಾಯಿತು.

ಒಂದು ಅಂಶವನ್ನು ಇಲ್ಲಿ ಗಮನಿಸಿ. ಗುಲಾಮಗಿರಿಯ ಬಗ್ಗೆ ತಲೆಕೆಡಿಸಿಕೊಳ್ಳದಿದ್ದ ಉತ್ತರದ ಅನೇಕರು ಈ ನಿಯಮದಿಂದಾಗಿಯೇ ಎಚ್ಚೆತ್ತರು. ಇಂದು ಅವರ ಅರ್ಜಿಗೆ ಬಾಗಿಲು ಮುಚ್ಚಿದವರು ನಾಳೆ ನಮ್ಮ ಅರ್ಜಿಗೂ ಮುಚ್ಚಬಹುದು ಎಂಬ ಯೋಚನೆ ಅವರಿಗೆ ಬಂತು. ಮಾತನ್ನು ಮುಚ್ಚಿಟ್ಟದ್ದೇ ಆ ಮಾತಿಗೆ ಹೆಚ್ಚು ಕಿವಿಗಳನ್ನು ಒದಗಿಸಿತು.

ಬೀದಿ ಮೇಯರ್‌ಗೆ ಸೇರಿದ್ದಲ್ಲ

ಮುಂದಿನ ಘಟ್ಟ ಜರ್ಸಿ ಸಿಟಿಯಲ್ಲಿ. 1917ರಿಂದ 1947ರವರೆಗೆ ಆ ನಗರದ ಮೇಯರ್ ಆಗಿದ್ದ ಫ್ರಾಂಕ್ ಹೇಗ್ ಅವರಿಗೆ ಕಾರ್ಮಿಕ ಸಂಘಟಕರನ್ನು ಕಂಡರೆ ಆಗುತ್ತಿರಲಿಲ್ಲ. ಅವರ ಕರಪತ್ರಗಳನ್ನು ಪೊಲೀಸರು ಕಿತ್ತುಕೊಂಡರು. ಸಭೆಗೆ ಅನುಮತಿ ಸಿಗಲಿಲ್ಲ. ಸಂಘಟಕರನ್ನು ಊರಿನಿಂದ ಹೊರಗಟ್ಟಲಾಯಿತು. ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, 1939ರಲ್ಲಿ ಮೇಯರ್‌ಗೆ ಸೋಲಾಯಿತು. ಬೀದಿಗಳೂ ಉದ್ಯಾನಗಳೂ ಕಾಗದದ ಮೇಲೆ ಯಾರ ಹೆಸರಿನಲ್ಲೇ ಇರಲಿ, ಜನ ಕೂಡಿ ಮಾತನಾಡುವುದಕ್ಕಾಗಿ ಅವು ಹಿಂದಿನಿಂದಲೂ ಮೀಸಲು ಎಂದು ನ್ಯಾಯಮೂರ್ತಿ ಓವನ್ ರಾಬರ್ಟ್ಸ್ ಬರೆದರು.

ಮುಂದೆ ಇದರಿಂದ ‘ಸಾರ್ವಜನಿಕ ವೇದಿಕೆ’ ಎಂಬ ತತ್ತ್ವ ಬೆಳೆಯಿತು. ಅಂಥ ವೇದಿಕೆಯಲ್ಲಿ ಸರ್ಕಾರ ಗಲಾಟೆಯನ್ನು ತಡೆಯಬಹುದು, ಹೊತ್ತು ಗೊತ್ತು ನಿಗದಿ ಮಾಡಬಹುದು. ಆದರೆ ಹೊಗಳುವವರಿಗೆ ಅವಕಾಶ, ತೆಗಳುವವರಿಗೆ ನಿಷೇಧ ಎನ್ನುವಂತಿಲ್ಲ. ಈ ನಿರ್ಬಂಧ ಸರ್ಕಾರಕ್ಕೆ ಮಾತ್ರ, ಖಾಸಗಿ ವ್ಯಕ್ತಿಗಲ್ಲ ಎಂಬುದನ್ನು ನೆನಪಿಡಿ. ನಮ್ಮ ಕಥೆಯ ಗಂಟು ಇರುವುದೇ ಇಲ್ಲಿ.

ಅಳಿಸುವ ಉಪಕರಣಗಳು

ಸಾಮಾಜಿಕ ಜಾಲತಾಣದ ಪುಟದ ಯಜಮಾನನ ಕೈಯಲ್ಲಿ ಏನೇನು ಸಾಧನಗಳಿವೆ? ಕಾಮೆಂಟನ್ನು ಅಳಿಸಬಹುದು, ಆಗ ಅದು ಯಾರಿಗೂ ಕಾಣದು. ಫೇಸ್‌ಬುಕ್ಕಿನಲ್ಲಿ ಮರೆಮಾಡಲೂಬಹುದು, ಆಗ ಬರೆದವನಿಗೂ ಅವನ ಸ್ನೇಹಿತರಿಗೂ ಅದು ಕಾಣುತ್ತಿರುತ್ತದೆ, ಉಳಿದವರಿಗೆ ಕಾಣದು. ತನ್ನ ಮಾತು ಮಾಯವಾಗಿದೆ ಎಂಬುದು ಬರೆದವನಿಗೆ ತಿಳಿಯುವುದೇ ಇಲ್ಲ! ಮೂರನೆಯದು ಪದಗಳ ಜರಡಿ. ಕೆಲವು ಪದಗಳ ಪಟ್ಟಿ ಕೊಟ್ಟರೆ, ಆ ಪದವಿರುವ ಕಾಮೆಂಟನ್ನು ಯಂತ್ರವೇ ತಡೆಯುತ್ತದೆ. ನಾಲ್ಕನೆಯದು ಬ್ಲಾಕ್, ಇದು ಮಾತನ್ನಲ್ಲ, ಮನುಷ್ಯನನ್ನೇ ಹೊರಗಿಡುತ್ತದೆ. ಟ್ವಿಟರ್‌ನಲ್ಲಿ ‘ಮ್ಯೂಟ್’ ಎಂಬ ಇನ್ನೊಂದು ಉಪಾಯವೂ ಬಂತು. ಇದರಲ್ಲಿ ಬರೆಯುವವನು ಬರೆಯುತ್ತಲೇ ಇರಬಹುದು, ಇತರರು ಓದಬಹುದು. ಮ್ಯೂಟ್ ಮಾಡಿದವರ ಕಣ್ಣಿಗೆ ಮಾತ್ರ ಅದು ಬೀಳದು.

ಬಾಯಿ ಮುಚ್ಚಿಸುವುದು ಬೇರೆ, ಕಿವಿ ಮುಚ್ಚಿಕೊಳ್ಳುವುದು ಬೇರೆ. ಈ ವ್ಯತ್ಯಾಸ ಮುಂದೆ ನ್ಯಾಯಾಲಯದಲ್ಲಿ ಮುಖ್ಯವಾಯಿತು.

ಹನ್ನೆರಡು ಗಂಟೆಯ ನಿಷೇಧ

ವರ್ಜೀನಿಯಾ ರಾಜ್ಯದ ಲೌಡನ್ ಕೌಂಟಿಯ ಮಂಡಳಿಗೆ ಫಿಲಿಸ್ ರಾಂಡಲ್ ಅಧ್ಯಕ್ಷರಾದರು. ಅಧಿಕಾರ ವಹಿಸಿಕೊಳ್ಳುವ ಹೊತ್ತಿಗೆ ಅವರು ಅಧ್ಯಕ್ಷರ ಹೆಸರಿನ ಒಂದು ಫೇಸ್‌ಬುಕ್ ಪುಟ ತೆರೆದು, ಯಾವ ವಿಷಯವಾದರೂ ಬರೆಯಿರಿ ಎಂದು ನಾಗರಿಕರನ್ನು ಕರೆದರು. 2016ರ ಫೆಬ್ರವರಿಯಲ್ಲಿ ಒಬ್ಬ ನಿವಾಸಿ ಶಾಲಾ ಮಂಡಳಿಯವರ ಮೇಲೆ ಭ್ರಷ್ಟಾಚಾರದ ಆರೋಪ ಬರೆದಾಗ, ಇಡೀ ಪೋಸ್ಟನ್ನೇ ಅಳಿಸಿ ಅವರನ್ನು ನಿಷೇಧಿಸಿದರು. ಸುಮಾರು ಹನ್ನೆರಡು ಗಂಟೆಗಳ ನಂತರ ಮನಸ್ಸು ಬದಲಿಸಿ ನಿಷೇಧ ತೆಗೆದರು. ಆದರೂ 2019ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಪ್ಪೆಂದಿತು. ಪುಟವನ್ನು ಅಧಿಕಾರದ ಕೆಲಸಕ್ಕೆ ಬಳಸಿ, ಜನರನ್ನು ಕರೆದ ಮೇಲೆ, ಟೀಕೆಗಾಗಿ ಒಬ್ಬರನ್ನು ಹೊರಗಿಡುವಂತಿಲ್ಲ ಎಂಬುದು ಅದರ ಅಭಿಪ್ರಾಯ.

ಇದೇ ಕಾಲಕ್ಕೆ ಇನ್ನೊಂದು ದೊಡ್ಡ ಮೊಕದ್ದಮೆ ನಡೆಯುತ್ತಿತ್ತು. ಡೊನಾಲ್ಡ್ ಟ್ರಂಪ್ 2009ರಲ್ಲಿ ತೆರೆದ ಖಾಸಗಿ ಟ್ವಿಟರ್ ಖಾತೆಯನ್ನೇ 2017ರಲ್ಲಿ ರಾಷ್ಟ್ರಾಧ್ಯಕ್ಷರಾದ ಮೇಲೂ ಬಳಸಿದರು. ನೇಮಕಗಳನ್ನೂ ನೀತಿಗಳನ್ನೂ ಅಲ್ಲೇ ಪ್ರಕಟಿಸಿದರು. ಅವರು ಬ್ಲಾಕ್ ಮಾಡಿದವರಲ್ಲಿ ಏಳು ಮಂದಿ, ಕೊಲಂಬಿಯಾ ವಿಶ್ವವಿದ್ಯಾಲಯದ ನೈಟ್ ಸಂಸ್ಥೆಯೊಂದಿಗೆ ಸೇರಿ ಆ ವರ್ಷದ ಜುಲೈನಲ್ಲಿ ದಾವೆ ಹೂಡಿದರು. 2018ರ ಮೇ 23ರಂದು ನ್ಯಾಯಾಧೀಶೆ ನವೋಮಿ ರೈಸ್ ಬುಕ್‌ವಾಲ್ಡ್ ತೀರ್ಪಿತ್ತರು. ಟ್ವೀಟ್ ಅಧ್ಯಕ್ಷರ ಮಾತು. ಅದರ ಕೆಳಗೆ ಜನ ಉತ್ತರಿಸುವ ಜಾಗ ಸಾರ್ವಜನಿಕ ವೇದಿಕೆ. ಅಧ್ಯಕ್ಷರಿಗೆ ಓದಲು ಇಷ್ಟವಿಲ್ಲದಿದ್ದರೆ ಮ್ಯೂಟ್ ಮಾಡಲಿ, ಬ್ಲಾಕ್ ಮಾಡುವುದು ಬೇಡ ಎಂಬುದು ಆ ತೀರ್ಪಿನ ಸಾರ. 2019ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಇದನ್ನು ಒಪ್ಪಿತು. ಆದರೆ ಟ್ರಂಪ್ ಅಧಿಕಾರದಿಂದ ಇಳಿದ ಮೇಲೆ, ಪ್ರಕರಣಕ್ಕೆ ಅರ್ಥ ಉಳಿದಿಲ್ಲವೆಂದು 2021ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಬದಿಗಿಟ್ಟಿತು. ಪ್ರಶ್ನೆ ಮತ್ತೆ ತೆರೆದುಕೊಂಡಿತು.

ಒಂದೇ ಪುಟದಲ್ಲಿ ಮಗಳ ಚಿತ್ರ, ಊರಿನ ಸುದ್ದಿ

ಉತ್ತರ ಬಂದದ್ದು ಎರಡು ಚಿಕ್ಕ ಊರುಗಳ ಪ್ರಕರಣಗಳಿಂದ. ಮೊದಲನೆಯದು ಕ್ಯಾಲಿಫೋರ್ನಿಯಾದ ಪೊವೇ ಶಾಲಾ ಮಂಡಳಿಯದು. ಒಬ್ಬ ತಂದೆ ಒಂದೇ ಟೀಕೆಯನ್ನು ಮಂಡಳಿಯ ಸದಸ್ಯೆಯೊಬ್ಬರ 42 ಪೋಸ್ಟುಗಳ ಕೆಳಗೆ ಅಂಟಿಸಿದರು. ಇನ್ನೊಮ್ಮೆ ಸುಮಾರು ಹತ್ತು ನಿಮಿಷಗಳಲ್ಲಿ 226 ಟ್ವೀಟುಗಳಿಗೆ ಒಂದೇ ಉತ್ತರ ಬರೆದರು. ಬೇಸತ್ತ ಸದಸ್ಯರು ಅವರನ್ನು ಬ್ಲಾಕ್ ಮಾಡಿದರು. ಪುಟ ನಡೆಸುವವರ ಕಷ್ಟವೂ ಸುಳ್ಳಲ್ಲ ಎಂಬುದಕ್ಕೆ ಇದು ನಿದರ್ಶನ.

ಎರಡನೆಯದು ಮಿಚಿಗನ್ ರಾಜ್ಯದ ಪೋರ್ಟ್ ಹ್ಯೂರಾನ್ ನಗರದ್ದು. ಜೇಮ್ಸ್ ಫ್ರೀಡ್ ಚುನಾಯಿತರಲ್ಲ. 2014ರಲ್ಲಿ ನೇಮಕಗೊಂಡ ನಗರಾಡಳಿತಾಧಿಕಾರಿ. ಕಾಲೇಜು ದಿನಗಳಲ್ಲಿ ತೆರೆದ ತಮ್ಮ ಫೇಸ್‌ಬುಕ್ ಖಾತೆಗೆ ಸ್ನೇಹಿತರ ಮಿತಿಯಾದ 5,000 ಸಮೀಪಿಸಿದಾಗ ಅದನ್ನು ಸಾರ್ವಜನಿಕ ಪುಟವಾಗಿ ಬದಲಿಸಿದ್ದರು. ಅಲ್ಲಿ ಮಗಳ ಚಿತ್ರವೂ ಇರುತ್ತಿತ್ತು, ನಾಯಿಯ ಚಿತ್ರವೂ ಇರುತ್ತಿತ್ತು, ನಗರದ ಕೆಲಸದ ಸುದ್ದಿಯೂ ಇರುತ್ತಿತ್ತು. ಕೋವಿಡ್ ಬಂದಾಗ ಒಬ್ಬ ನಿವಾಸಿ ನಗರದ ಕ್ರಮಗಳನ್ನು ಕಟುವಾಗಿ ಟೀಕಿಸಿದರು. ಫ್ರೀಡ್ ಮೊದಲು ಅಳಿಸಿದರು, ಆಮೇಲೆ ಬ್ಲಾಕ್ ಮಾಡಿದರು.

2024ರ ಮಾರ್ಚ್ 15ರಂದು ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಏಮಿ ಕೋನಿ ಬ್ಯಾರೆಟ್. ಅಧಿಕಾರಿಗೂ ಖಾಸಗಿ ಜೀವನವಿದೆ, ಅವರಿಗೂ ವಾಕ್ ಸ್ವಾತಂತ್ರ್ಯವಿದೆ. ಆದ್ದರಿಂದ ಎರಡು ವಿಷಯ ನೋಡಬೇಕು. ಸರ್ಕಾರದ ಪರವಾಗಿ ಮಾತನಾಡುವ ನಿಜವಾದ ಅಧಿಕಾರ ಅವರಿಗೆ ಇತ್ತೇ? ಆ ಪೋಸ್ಟಿನಲ್ಲಿ ಅವರು ಆ ಅಧಿಕಾರವನ್ನು ಚಲಾಯಿಸುತ್ತಿರುವಂತೆ ತೋರಿಸಿಕೊಂಡರೇ? ಎರಡಕ್ಕೂ ‘ಹೌದು’ ಎಂದಾದರೆ ಮಾತ್ರ ಅದು ಸರ್ಕಾರದ ಕೃತ್ಯ. ಶಾಲಾ ಮಂಡಳಿಯ ಅಧ್ಯಕ್ಷರು ಸಭೆಯಲ್ಲಿ ಹೇಳಿದ್ದು ಅಧಿಕೃತ. ಅದನ್ನೇ ಮನೆಯ ಹಿತ್ತಲಲ್ಲಿ ಸ್ನೇಹಿತರಿಗೆ ಹೇಳಿದರೆ ಖಾಸಗಿ ಎಂಬ ಉದಾಹರಣೆಯನ್ನು ತೀರ್ಪು ಕೊಡುತ್ತದೆ. ಜೊತೆಗೆ ಒಂದು ಎಚ್ಚರಿಕೆಯೂ ಇದೆ. ಅಳಿಸುವಾಗ ಪ್ರಶ್ನೆ ಆ ಒಂದು ಪೋಸ್ಟಿಗೆ ಸೀಮಿತ. ಬ್ಲಾಕ್ ಮಾಡಿದಾಗ ಇಡೀ ಪುಟಕ್ಕೆ ಬಾಗಿಲು ಮುಚ್ಚುವುದರಿಂದ ಹೊಣೆಯೂ ಹೆಚ್ಚುತ್ತದೆ. ಎರಡೂ ಪ್ರಕರಣಗಳನ್ನು ಈ ಅಳತೆಗೋಲಿನಿಂದ ಮತ್ತೆ ಪರಿಶೀಲಿಸುವಂತೆ ಕೆಳಗಿನ ನ್ಯಾಯಾಲಯಗಳಿಗೆ ಹಿಂದಿರುಗಿಸಲಾಯಿತು.

ನಮ್ಮ ಮುಂದಿರುವ ಪ್ರಶ್ನೆ

ಆ ತೀರ್ಪು ನಮ್ಮ ದೇಶದ ಕಾನೂನಲ್ಲ. ನಮಗೆ ಸಂವಿಧಾನದ 19ನೆಯ ವಿಧಿ ಇದೆ; ಅದರಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯವೂ ಇದೆ, ಅದಕ್ಕೆ ಸಮಂಜಸವಾದ ಮಿತಿಗಳೂ ಇವೆ. ಆದರೆ ಜಗಲಿ ಮತ್ತು ಕಟ್ಟೆಯ ಪ್ರಶ್ನೆಗೆ ಗಡಿಯಿಲ್ಲ. ಬೆದರಿಕೆ, ಅಶ್ಲೀಲ ಬೈಗುಳಗಳನ್ನು ತೆಗೆಯಬೇಡಿ ಎಂದು ಯಾರೂ ಹೇಳುವುದಿಲ್ಲ. ಆದರೆ ಆ ನಿಯಮ ಮೊದಲೇ ಬರೆದಿಟ್ಟಿರಬೇಕು. ಹೊಗಳಿದವನಿಗೂ ತೆಗಳಿದವನಿಗೂ ಒಂದೇ ಆಗಿರಬೇಕು.

ದೂರದರ್ಶನದ ಕಾರ್ಯಕ್ರಮ ಮಾಡುವ ನನಗೂ ಇದು ಹೊಸ ಪ್ರಶ್ನೆಯಲ್ಲ. ವೀಕ್ಷಕರ ಪತ್ರಗಳೆಲ್ಲವನ್ನೂ ಅರ್ಧ ಗಂಟೆಯಲ್ಲಿ ಓದಲಾಗದು, ಆರಿಸಲೇಬೇಕು. ಚುಚ್ಚುವ ಪತ್ರ ಕೈಗೆ ಬಂದಾಗ ಅದನ್ನು ಕಟ್ಟಿನ ಅಡಿಗೆ ಸರಿಸುವ ಆಸೆ ನನಗೂ ಆಗಿದೆ. ಆಗೆಲ್ಲ ನಾನು ನನ್ನನ್ನೇ ಕೇಳಿಕೊಳ್ಳುವುದು ಇಷ್ಟೇ: ಇದನ್ನು ಬಿಡುತ್ತಿರುವುದು ಸಮಯವಿಲ್ಲವೆಂದೋ, ಉತ್ತರವಿಲ್ಲವೆಂದೋ?

ಕಾರ್ಯಕ್ರಮ ನೋಡುವ ಮೊದಲು ನಿಮ್ಮ ತರಗತಿಯಲ್ಲಿ ಚರ್ಚಿಸಿ. ನಿಮ್ಮ ಊರಿನ ಪ್ರತಿನಿಧಿಯ ಪುಟ ಜಗಲಿಯೋ, ಕಟ್ಟೆಯೋ? ಅದರ ಮೇಲೆ ಯಾವ ಫಲಕ ಇದೆ? ಮುಂದೆ ನಿಮ್ಮಲ್ಲೇ ಒಬ್ಬರು ಅಂಥ ಪುಟ ನಡೆಸುವವರಾದರೆ, ಚರಂಡಿಯ ಮಾತನ್ನು ಅಳಿಸುತ್ತೀರೋ, ಅದಕ್ಕೆ ಉತ್ತರ ಬರೆಯುತ್ತೀರೋ?