ಚಂದ್ರ–ಗ್ರಹ ಛಾಯಾಗ್ರಹಣ: ಸಲಕರಣೆಗಳ ಆಯ್ಕೆಯ ಚರಿತ್ರೆ

ಚಂದ್ರ ಮತ್ತು ಗ್ರಹಗಳ ಚಿತ್ರ ತೆಗೆಯಲು ಬೇಕಾದ ದೂರದರ್ಶಕ, ಕ್ಯಾಮೆರಾ ಹಾಗೂ ಅವೆರಡನ್ನೂ ಹೊರುವ ಮೌಂಟ್ ಇವುಗಳ ಆಯ್ಕೆ ಖಗೋಳ ಛಾಯಾಗ್ರಹಣದಷ್ಟೇ ಹಳೆಯ ಪ್ರಶ್ನೆ. ನೀಹಾರಿಕೆಗಳ ಚಿತ್ರಕ್ಕೆ ಊರಾಚೆಯ ಕತ್ತಲು ಬೇಕು. ಚಂದ್ರ, ಗುರು, ಶನಿಗಳಿಗೆ ಬೆಳಕಿನ ಬರವಿಲ್ಲ. ಅಲ್ಲಿ ಕಾಡುವುದು ಬಿಂಬದ ಸಣ್ಣ ಗಾತ್ರ ಮತ್ತು ಗಾಳಿಯ ನಡುಕ. ಹೀಗಾಗಿ ಬೀದಿದೀಪಗಳ ನಡುವಿನ ವಿಜಯಪುರದ ಜೋರಾಪುರ ಪೇಟೆಯ ಮಾಳಿಗೆಯ ಮೇಲೂ ಈ ಕೆಲಸ ಸಾಗುತ್ತದೆ.

1840ರಲ್ಲಿ ನ್ಯೂಯಾರ್ಕಿನ ಜಾನ್ ವಿಲಿಯಂ ಡ್ರೇಪರ್ ಬೆಳ್ಳಿ ತಗಡಿನ ಮೇಲೆ ಚಂದ್ರನ ಚಿತ್ರ ಮೂಡಿಸಲು ಸುಮಾರು 20 ನಿಮಿಷ ಬೆಳಕು ಬೀಳಿಸಬೇಕಾಯಿತು. ಮುಂದೆ ಬಂದ ಹಸಿ ಕೊಲೋಡಿಯನ್ ಗಾಜಿನ ಫಲಕ ಈ ಅವಧಿಯನ್ನು ಸೆಕೆಂಡುಗಳಿಗೆ ಇಳಿಸಿತು. 1864ರಲ್ಲಿ ಲೂಯಿಸ್ ರದರ್ಫರ್ಡ್ ಒಂದು ದಿಟ್ಟ ಹೆಜ್ಜೆ ಇಟ್ಟ. ಅಂದಿನ ಫಲಕಗಳು ನೀಲಿ-ನೇರಳೆ ಬೆಳಕಿಗೆ ಮಾತ್ರ ಚುರುಕಾಗಿದ್ದುದರಿಂದ, ಆ ಬೆಳಕನ್ನೇ ನಿಖರವಾಗಿ ಕೂಡಿಸುವ 11 ಅಂಗುಲ ಮೀರಿದ ಮಸೂರವನ್ನು ಮಾಡಿಸಿದ. ಕಣ್ಣಿಟ್ಟು ನೋಡುವವರಿಗೆ ಅದು ನಿರುಪಯೋಗಿ, ಚಂದ್ರನ ಚಿತ್ರಕ್ಕೆ ಮಾತ್ರ ಆ ಕಾಲದಲ್ಲಿ ಸಾಟಿಯಿಲ್ಲದ್ದು. ಸಲಕರಣೆಯನ್ನು ಕಣ್ಣಿಗಾಗಿ ಅಲ್ಲದೆ ಫಲಕಕ್ಕಾಗಿ ಆರಿಸುವ ಪರಿಪಾಠ ಬಲವಾದದ್ದು ಇಲ್ಲಿಂದಲೇ ಎನ್ನಬೇಕು.

ವಿಜಯಪುರ ಸೀಮೆಗೆ ಇಂಥ ಆಯ್ಕೆಯ ಪ್ರಶ್ನೆ ಬಂದದ್ದು 1868ರ ಆಗಸ್ಟ್ 18ರಂದು. ಅಂದಿನ ಖಗ್ರಾಸ ಸೂರ್ಯಗ್ರಹಣದ ನೆರಳು ಜಮಖಂಡಿ ಮತ್ತು ವಿಜಾಪುರದ (ಇಂದಿನ ವಿಜಯಪುರ) ಮೇಲೆ ಹಾದು ಗುಂಟೂರಿನತ್ತ ಸಾಗಿತು. ಗುಂಟೂರಿನಲ್ಲಿ ಬಿಡಾರ ಹೂಡಿದ ಮೇಜರ್ ಟೆನೆಂಟ್ ಛಾಯಾಗ್ರಹಣವನ್ನು ಆರಿಸಿಕೊಂಡ. ಲಂಡನ್ನಿನ ಜಾನ್ ಬ್ರೌನಿಂಗ್ ಸಿದ್ಧಪಡಿಸಿದ, ಬೆಳ್ಳಿ ಲೇಪದ 9 ಅಂಗುಲ ಕನ್ನಡಿಯ ದೂರದರ್ಶಕದಿಂದ ಖಗ್ರಾಸದ ಐದು ನಿಮಿಷಗಳಲ್ಲಿ ಆರು ಚಿತ್ರಗಳು ದಕ್ಕಿದವು. ಹಸಿ ಫಲಕದ ಕಷ್ಟ ಸಣ್ಣದಲ್ಲ: ಗಾಜಿಗೆ ಕೊಲೋಡಿಯನ್ ಸುರಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಆರುವ ಮೊದಲೇ ಬೆಳಕು ಬೀಳಿಸಿ, ಕೂಡಲೇ ಕತ್ತಲ ಡೇರೆಯಲ್ಲಿ ತೊಳೆಯಬೇಕಿತ್ತು.

ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ವಿಜಾಪುರದಲ್ಲಿ ಕ್ಯಾಪ್ಟನ್ ಹೇಗ್ ಬಳಸಿದ್ದು ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಸ್ಕೋಪ್. ಮೋಡಗಳ ಸಂದಿಯಲ್ಲಿ ಸೂರ್ಯನ ಅಂಚಿನ ಜ್ವಾಲೆ ಇಣುಕಿದಾಗ ಹರ್ಷೆಲ್ ಕೆಂಪು, ಕಿತ್ತಳೆ, ನೀಲಿ ಬಣ್ಣದ ಮೂರು ಗೆರೆ ಕಂಡ. ಜ್ವಾಲೆಗಳು ಕಾದ ಅನಿಲವೆಂದು ಅಷ್ಟರಿಂದಲೇ ತಿಳಿಯಿತು. ಕಿತ್ತಳೆ ಗೆರೆ ಹೀಲಿಯಂನದೆಂಬುದು ಆಮೇಲಿನ ಮಾತು. ಆರು ಫಲಕಗಳು ಜ್ವಾಲೆಯ ಆಕಾರ ಹೇಳಿದವು, ಮೂರು ಗೆರೆಗಳು ಅದು ಏನೆಂಬುದನ್ನೇ ಹೇಳಿದವು. ಚಿತ್ರವೇ ಎಲ್ಲಕ್ಕಿಂತ ಮಿಗಿಲಾದ ದಾಖಲೆಯೆಂದು ನಂಬಿದವರು ಜಮಖಂಡಿಯನ್ನು ನೆನೆಯುವುದು ಒಳ್ಳೆಯದು.

ಈ ಹರ್ಷೆಲ್‌ನ ಅಜ್ಜ ವಿಲಿಯಂ ಹರ್ಷೆಲ್ 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದವನು. ಆ ಗ್ರಹದ ಉಂಗುರಗಳ ಸುಳಿವು ಸಿಕ್ಕಾಗಲೂ ಕ್ಯಾಮೆರಾ ಬದಿಗಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತಮಿಳುನಾಡಿನ ಕಾವಲೂರಿನಲ್ಲಿ ನಡೆಸುವ ವೀಕ್ಷಣಾಲಯದ 102 ಸೆಂ.ಮೀ. ದೂರದರ್ಶಕದಿಂದ 1977ರ ಮಾರ್ಚ್ 10ರಂದು ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಅವರು, ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡುವ ಹೊತ್ತಿನಲ್ಲಿ ಆ ನಕ್ಷತ್ರದ ಬೆಳಕಿನ ಕುಸಿತವನ್ನು ಫೋಟೊಮೀಟರಿನಿಂದ ದಾಖಲಿಸಿದರು. ಹಿಂದೂ ಮಹಾಸಾಗರದ ಮೇಲೆ ಹಾರುತ್ತಿದ್ದ ಅಮೆರಿಕದ ಕೈಪರ್ ವೀಕ್ಷಣಾಲಯ ವಿಮಾನಕ್ಕೂ ಅದೇ ಘಟನೆಯಲ್ಲಿ ಉಂಗುರಗಳು ಸಿಕ್ಕವು.

ಫಿಲ್ಮಿನ ಕಾಲದಲ್ಲಿ ಗ್ರಹಚಿತ್ರ ಹವ್ಯಾಸಿಗೆ ಒಲಿದದ್ದು ಕಡಿಮೆ. ಲೆಕ್ಕ ಸರಳ. ನಾಭಿದೂರವನ್ನು ಸುಮಾರು 110ರಿಂದ ಭಾಗಿಸಿದರೆ ಚಂದ್ರಬಿಂಬದ ಅಳತೆ: 200 ಮಿ.ಮೀ. ಲೆನ್ಸಿನಲ್ಲಿ 2 ಮಿ.ಮೀ.ಗೂ ಕಡಿಮೆ, 1000 ಮಿ.ಮೀ.ಯಲ್ಲಿ 9 ಮಿ.ಮೀ. ಗುರು ಅತಿ ಸಮೀಪವಿದ್ದಾಗಲೂ 2000 ಮಿ.ಮೀ. ದೂರದರ್ಶಕದಲ್ಲಿ ಅರ್ಧ ಮಿ.ಮೀ. ಮಾತ್ರ. ಗಾಳಿಯಲ್ಲಿ ನಡುಗುವ ಆ ಅರ್ಧ ಮಿಲಿಮೀಟರಿನಲ್ಲಿ ಪಟ್ಟೆಗಳನ್ನು ಹಿಡಿಯುವುದು ಫಿಲ್ಮಿನ ಒರಟು ಕಣಗಳಿಗೆ ಎಟುಕದ ಮಾತು.

1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಸಿಸಿಡಿ ಎಂಬ ಬೆಳಕಿನ ಸಂವೇದಕ ವೃತ್ತಿನಿರತರ ದಾರಿ ಬದಲಿಸಿತು. ಹವ್ಯಾಸಿಗಳ ದಾರಿ ಬದಲಿಸಿದ್ದು ಅಗ್ಗದ ವೆಬ್‌ಕ್ಯಾಮ್. 2000ದ ನಂತರ ಫಿಲಿಪ್ಸ್ ಟೂಕ್ಯಾಮ್‌ನ ಲೆನ್ಸ್ ಬಿಚ್ಚಿ ದೂರದರ್ಶಕಕ್ಕೆ ಸಿಕ್ಕಿಸಿ, ಸಾವಿರಾರು ಫ್ರೇಮುಗಳ ವಿಡಿಯೊ ತೆಗೆದು, ಗಾಳಿ ನಿಂತ ಕ್ಷಣದ ಫ್ರೇಮುಗಳನ್ನಷ್ಟೇ ರಿಜಿಸ್ಟ್ಯಾಕ್ಸ್ ತಂತ್ರಾಂಶದಿಂದ ಹೆಕ್ಕಿ ಒಂದರ ಮೇಲೊಂದು ಕೂಡಿಸುವ ಪದ್ಧತಿ ಹಬ್ಬಿತು. 2003ರ ಆಗಸ್ಟಿನಲ್ಲಿ ಮಂಗಳ 5.6 ಕೋಟಿ ಕಿ.ಮೀ.ಗಿಂತ ಹತ್ತಿರ ಬಂದದ್ದು ಇದಕ್ಕೆ ಇಂಬುಕೊಟ್ಟಿತು. ಈಗ ಆ ಜಾಗದಲ್ಲಿ ಸಣ್ಣ ಸಂವೇದಕದ, ವೇಗದ ಸಿಮಾಸ್ ಕ್ಯಾಮೆರಾಗಳಿವೆ. ಪಿಕ್ಸೆಲ್ ಅಳತೆಯನ್ನು ಮೈಕ್ರಾನಿನಲ್ಲಿ ಹಿಡಿದು ಐದರಿಂದ ಗುಣಿಸಿದರೆ ಬೇಕಾದ ಎಫ್ ಸಂಖ್ಯೆ ಹೆಚ್ಚುಕಡಿಮೆ ಸಿಗುತ್ತದೆ: 2.9 ಮೈಕ್ರಾನಿಗೆ ಎಫ್ 14ರ ಆಸುಪಾಸು; ಸಾಲದಿದ್ದರೆ ನಾಭಿದೂರವನ್ನು ಹಿಗ್ಗಿಸುವ ಬಾರ್ಲೋ ಮಸೂರ. ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುವುದರಿಂದ ಅದರ ವಿಡಿಯೊ ಎರಡು-ಮೂರು ನಿಮಿಷ ಮೀರುವಂತಿಲ್ಲ. ದುಬಾರಿ ಫುಲ್‌ಫ್ರೇಮ್ ಕ್ಯಾಮೆರಾ ಇಡೀ ಚಂದ್ರನಿಗೆ ಸೊಗಸು, ಗ್ರಹಕ್ಕೆ ದಂಡ.

ಗಾಳಿಯನ್ನೇ ದಾಟಿದ ಕ್ಯಾಮೆರಾಗಳ ಕಥೆ ಬೇರೆ. ಒಂದು ಆರ್ಕ್‌ಸೆಕೆಂಡ್ ಎಂದರೆ ಚಂದ್ರನ ಮೇಲೆ ಸುಮಾರು 1.9 ಕಿ.ಮೀ.; ನೆಲದ ಮೇಲಿನ ಹವ್ಯಾಸಿಯ ಮಿತಿ ಅದರ ಆಚೀಚೆ. 2008ರಲ್ಲಿ ಹೊರಟ ಚಂದ್ರಯಾನ-1ರ ಕ್ಯಾಮೆರಾ 5 ಮೀಟರ್ ವಿವರ ಹಿಡಿಯಿತು, ಚಂದ್ರಯಾನ-2ರದು ಕಾಲು ಮೀಟರ್. ಆ ಮಾಹಿತಿ ಇಳಿದದ್ದು ಬೆಂಗಳೂರು ಬಳಿಯ ಬ್ಯಾಲಾಳುವಿನ ಆಂಟೆನಾಗಳಿಗೆ.

ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದ ವಿಜಯಪುರಕ್ಕೆ ಯುರೋಪಿನವರಿಗಿಲ್ಲದ ಅನುಕೂಲವಿದೆ: ಚಂದ್ರ, ಗ್ರಹಗಳು ಹಲವು ತಿಂಗಳು ನೆತ್ತಿಯ ಹತ್ತಿರವೇ ಹಾಯುತ್ತವೆ, ನಡುವಿನ ಗಾಳಿಯ ಪದರ ತೆಳು. ಆದರೆ ಹಗಲೆಲ್ಲ ಕಾದ ಮಾಳಿಗೆ ಸಂಜೆ ಬಿಸಿ ಉಗುಳುತ್ತದೆ. ನಡುರಾತ್ರಿ ದಾಟಿದ ಮೇಲಿನ ಚಿತ್ರ ಮೇಲು. ಇನ್ನೊಂದು ತೊಡಕು ಮೌಂಟಿನದು. ಅದರ ಧ್ರುವಾಕ್ಷವನ್ನು ಇಲ್ಲಿ 17 ಡಿಗ್ರಿಗೆ ಬಗ್ಗಿಸಬೇಕು. ಉತ್ತರದ ದೇಶಗಳಿಗೆಂದು ಮಾಡಿದ ಕೆಲವು ಮೌಂಟುಗಳು ಅಷ್ಟು ಬಗ್ಗುವುದಿಲ್ಲ, ಬಗ್ಗಿದರೂ ತೂಕದ ಗುಂಡು ಸ್ಟ್ಯಾಂಡಿನ ಕಾಲಿಗೆ ತಗಲುತ್ತದೆ. ಕ್ಯಾಮೆರಾಕ್ಕೆ ಹಣ ಸುರಿಯುವ ಮುನ್ನ ಇದನ್ನು ಅಂಗಡಿಯಲ್ಲೇ ಬಗ್ಗಿಸಿ ನೋಡಿಕೊಳ್ಳಬೇಕು.