ತಕಲಿಯಿಂದ ಗಣಿತ, ಕೆರೆಯಿಂದ ಭೂಗೋಳ

ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯ ಹೆಸರಿನಲ್ಲೇ ತೂಬೂ ಇದೆ, ಕೆರೆಯೂ ಇದೆ. ಬಯಲುಸೀಮೆಯ ಈ ಭಾಗದಲ್ಲಿ ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ಮಾತುಗಳು ಗೊತ್ತಿಲ್ಲದ ರೈತ ಸಿಗುವುದು ಕಷ್ಟ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂಬ ಲೆಕ್ಕ ಹಿಂದೆ ನೀರುಗಂಟಿಯ ತಲೆಯಲ್ಲಿರುತ್ತಿತ್ತು. ಅವನು ಶಾಲೆಯ ಮೆಟ್ಟಿಲು ಹತ್ತಿರಬೇಕೆಂದೇನೂ ಇರಲಿಲ್ಲ. ಆದರೆ ಇಂಥ ಊರುಗಳ ಮಕ್ಕಳೂ ಶಾಲೆಯಲ್ಲಿ ಮಾಡುವುದು ಬೇರೆಯದೇ ಲೆಕ್ಕ: ಒಂದು ತೊಟ್ಟಿಗೆ ಎರಡು ನಲ್ಲಿಗಳಿವೆ, ಒಂದು ತುಂಬಿಸುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ, ತೊಟ್ಟಿ ತುಂಬಲು ಎಷ್ಟು ಗಂಟೆ ಬೇಕು? ಆ ತೊಟ್ಟಿಯನ್ನು ಯಾರೂ ಕಂಡಿಲ್ಲ.

ಮೇಷ್ಟ್ರು ಮಕ್ಕಳನ್ನು ಊರ ಕೆರೆಯ ಏರಿಗೆ ಕರೆದೊಯ್ದರೆ ಏನಾಗಬಹುದು? ಅಂಗಳದ ವಿಸ್ತೀರ್ಣ, ನೀರಿನ ಆಳ, ಅವೆರಡರಿಂದ ಗಾತ್ರ: ಅಲ್ಲಿಗೆ ಗಣಿತ. ಬೇಸಿಗೆಯಲ್ಲಿ ನೀರು ಆವಿಯಾಗುವುದು, ಹೂಳು ತುಂಬುವುದು ವಿಜ್ಞಾನ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಇದೇ ತಾಲ್ಲೂಕನ್ನು ಹಾದು ಹೆಸರಘಟ್ಟಕ್ಕೆ ಹೋಗುತ್ತದೆ. 1894ರಿಂದ ಅಲ್ಲಿನ ಕೆರೆ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. ಹಳ್ಳದ ಜಾಡು ಹಿಡಿದರೆ ಭೂಗೋಳ ಬರುತ್ತದೆ. ಹೊಳೆ ಏಕೆ ಬತ್ತಿತು ಎಂದು ಕೇಳಿದರೆ ಇತಿಹಾಸವೂ ಬರುತ್ತದೆ. ಅಚ್ಚುಕಟ್ಟಿನಲ್ಲಿ ಯಾರ ಜಮೀನಿತ್ತು, ಯಾರದು ಇರಲಿಲ್ಲ ಎಂಬಲ್ಲಿಗೆ ಪಾಠ ಮುಟ್ಟಿದರೆ ಅದು ಸಮಾಜ ವಿಜ್ಞಾನ. ಕೆಲವು ಮನೆಗಳಿಗೆ ಅಷ್ಟೇನೂ ಹಿತವಾಗದ ಸಮಾಜ ವಿಜ್ಞಾನ.

ನಿಜವಾದ ಕೆಲಸದ ಮೂಲಕ ಮುಖ್ಯ ವಿಷಯಗಳನ್ನು ಕಲಿಸುವ ಈ ಕ್ರಮವನ್ನು ಇಂದು ನಗರದ ದುಬಾರಿ ಶಾಲೆಗಳು ಹೊಸ ಆವಿಷ್ಕಾರವೆಂಬಂತೆ ಜಾಹೀರಾತು ಮಾಡುತ್ತವೆ. ಹೊಸತೇನಲ್ಲ. ಅಮೆರಿಕದಲ್ಲಿ ಜಾನ್ ಡ್ಯೂಯಿ 1896ರಲ್ಲಿ ಷಿಕಾಗೋದಲ್ಲಿ ತೆರೆದ ಪ್ರಯೋಗಶಾಲೆಯಲ್ಲಿ ಮಕ್ಕಳು ಅಡುಗೆ, ಬಡಗಿ ಕೆಲಸ, ನೇಯ್ಗೆಗಳಿಂದ ವಿಜ್ಞಾನ ಕಲಿತರು. ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಇದಕ್ಕೆ ಹೆಸರು ಕೊಟ್ಟ. ನಮ್ಮ ಶಿಕ್ಷಕ ತರಬೇತಿಯ ಪುಸ್ತಕಗಳಲ್ಲಿ ಅದು 'ಯೋಜನಾ ಪದ್ಧತಿ'. ಅದರ ಗುಣದೋಷಗಳನ್ನು ಬಾಯಿಪಾಠ ಮಾಡಿಯೇ ಪರೀಕ್ಷೆ ಪಾಸಾದ ಶಿಕ್ಷಕರಿಗೇನೂ ಕಡಿಮೆಯಿಲ್ಲ!

ಭಾರತದಲ್ಲಿ ಈ ವಿಚಾರವನ್ನು ಇಡೀ ದೇಶದ ಶಾಲೆಗಳಿಗೆ ಅನ್ವಯಿಸಲು ಹೊರಟವರು ಗಾಂಧೀಜಿ. ತೂಬಗೆರೆಗೆ ದೂರವಲ್ಲದ ನಂದಿಬೆಟ್ಟದಲ್ಲಿ ಅವರು 1927ರಲ್ಲಿ, ಮತ್ತೆ 1936ರಲ್ಲಿ ವಿಶ್ರಾಂತಿಗೆ ತಂಗಿದ್ದರು. ಎರಡನೆಯ ಭೇಟಿಯ ಮರುವರ್ಷ, 1937ರ ಅಕ್ಟೋಬರ್ 22 ಮತ್ತು 23ರಂದು, ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ನಡೆಯಿತು. ಏಳು ವರ್ಷಗಳ ಉಚಿತ ಮತ್ತು ಕಡ್ಡಾಯ ಶಿಕ್ಷಣ, ಮಾತೃಭಾಷೆಯಲ್ಲಿ ಬೋಧನೆ, ಒಂದು ಕೈಕಸುಬನ್ನು ನಡುವೆ ಇಟ್ಟು ಅದರ ಸುತ್ತ ಎಲ್ಲ ವಿಷಯಗಳನ್ನು ಕಲಿಸುವುದು: ಇದು ಅಲ್ಲಿನ ತೀರ್ಮಾನ. ಝಾಕಿರ್ ಹುಸೇನ್ ಸಮಿತಿ ಪಠ್ಯಕ್ರಮ ರೂಪಿಸಿತು. ಇದೇ ಮೂಲಶಿಕ್ಷಣ, ಅಥವಾ ನಯೀ ತಾಲೀಮ್.

ಸಮಿತಿ ಸೂಚಿಸಿದ ವೇಳಾಪಟ್ಟಿ ಇಂದು ಯಾವ ಪೋಷಕರನ್ನೂ ಬೆಚ್ಚಿ ಬೀಳಿಸೀತು. ದಿನಕ್ಕೆ ಐದೂವರೆ ಗಂಟೆ ಶಾಲೆ. ಅದರಲ್ಲಿ ಕಸುಬಿಗೆ 3 ಗಂಟೆ 20 ನಿಮಿಷ. ಮಾತೃಭಾಷೆಗೆ 40 ನಿಮಿಷ. ಸಂಗೀತ, ಚಿತ್ರಕಲೆ, ಗಣಿತ ಮೂರಕ್ಕೂ ಸೇರಿ 40 ನಿಮಿಷ. ಸಮಾಜ ಮತ್ತು ವಿಜ್ಞಾನಕ್ಕೆ 30. ವ್ಯಾಯಾಮ, ವಿರಾಮಗಳಿಗೆ ಹತ್ತು ಹತ್ತು ನಿಮಿಷ.

ಗಣಿತಕ್ಕೆ ಇಷ್ಟೇ ಸಮಯವೇ ಎಂಬ ಪ್ರಶ್ನೆಗೆ ಉತ್ತರ ತಕಲಿಯಲ್ಲಿತ್ತು. 840 ಗಜ ನೂಲಿಗೆ ಒಂದು ಲಡಿ. ಒಂದು ಪೌಂಡ್ ತೂಕಕ್ಕೆ ಎಷ್ಟು ಲಡಿ ಬರುತ್ತದೋ ಅದು ಆ ನೂಲಿನ ನಂಬರು. 20ನೇ ನಂಬರಿನ ಒಂದು ಪೌಂಡ್ ನೂಲು ಎಂದರೆ 16,800 ಗಜ. ತಾನು ಈ ದಿನ ನೂತದ್ದು ಎಷ್ಟು, ಹತ್ತಿಯಲ್ಲಿ ಹಾಳಾದದ್ದು ಎಷ್ಟು, ಒಂದು ಅಂಗಿಗೆ ಇನ್ನೆಷ್ಟು ದಿನ ಬೇಕು ಎಂದು ಲೆಕ್ಕ ಹಾಕುವ ಮಗು ಗುಣಾಕಾರ, ಭಾಗಾಕಾರ, ಶೇಕಡಾ ಕಲಿಯಲೇಬೇಕು. ಹತ್ತಿ ಎಲ್ಲಿಯದು ಎಂದು ಕೇಳಿದರೆ ಧಾರವಾಡದ ಕಪ್ಪು ನೆಲ ಬರುತ್ತದೆ. ಅಲ್ಲಿ ಅಮೆರಿಕದ ತಳಿ ಬಿತ್ತಿಸಿದ ಕಂಪನಿ ಸರ್ಕಾರ, 1861ರ ಅಮೆರಿಕದ ಅಂತರ್ಯುದ್ಧ, ಅದರಿಂದ ಏರಿದ ಹತ್ತಿಯ ಬೆಲೆ ಎಲ್ಲವೂ ಹಿಂದೆಯೇ ಬರುತ್ತವೆ. ಹೀಗೆ ಕಸುಬಿನಿಂದ ವಿಷಯವನ್ನು ಹೊರತೆಗೆಯುವುದಕ್ಕೆ 'ಸಮನ್ವಯ' ಎಂದು ಹೆಸರು. ಮೂಲಶಿಕ್ಷಣದ ಜೀವ ಇದ್ದದ್ದು ಇಲ್ಲಿ. ಅದು ಸತ್ತದ್ದೂ ಇಲ್ಲಿಯೇ.

ನೂಲುವುದನ್ನು ಕಲಿಸುವುದು ಸುಲಭ. ನೂಲಿನಿಂದ ಧಾರವಾಡಕ್ಕೂ ಅಲ್ಲಿಂದ ಅಮೆರಿಕಕ್ಕೂ ಹೋಗಿಬರಬಲ್ಲ ಶಿಕ್ಷಕರು ಸಾವಿರಾರು ಸಂಖ್ಯೆಯಲ್ಲಿ ಎಲ್ಲಿಂದ ಬರಬೇಕು? ಸ್ವಾತಂತ್ರ್ಯಾನಂತರ ಫಲಕದ ಮೇಲೆ 'ಮೂಲಶಿಕ್ಷಣ' ಎಂದು ಬರೆಸಿಕೊಂಡ ಅನೇಕ ಶಾಲೆಗಳಲ್ಲಿ ಕಸುಬು ಒಂದು ಪೀರಿಯಡ್ಡಿಗೆ ಇಳಿಯಿತು. ಗಣಿತದ ಮೇಷ್ಟ್ರು ಬೇರೆ, ಕಸುಬಿನ ಮೇಷ್ಟ್ರು ಬೇರೆ. ಮಕ್ಕಳು ನೂತ ನೂಲನ್ನು ಮಾರಿ ಶಿಕ್ಷಕರ ಸಂಬಳ ಹುಟ್ಟಿಸುವ ಗಾಂಧೀಜಿಯ ಆಸೆಗೆ ವಾರ್ಧಾ ಸಮ್ಮೇಳನದಲ್ಲೇ ಅರ್ಥಶಾಸ್ತ್ರಜ್ಞ ಕೆ.ಟಿ. ಷಾ ಆಕ್ಷೇಪ ಎತ್ತಿದ್ದರು.

ಇದಕ್ಕಿಂತ ದೊಡ್ಡ ಆಕ್ಷೇಪ ಊರಿನೊಳಗಿನದು. ದೊಡ್ಡಬಳ್ಳಾಪುರ ಮಗ್ಗಗಳ ಊರು. ಮಗ್ಗದ ಸದ್ದಿನಲ್ಲೇ ಕಣ್ಣುಬಿಟ್ಟ ಮಗುವಿಗೆ ನೂಲಿನ ಕೆಲಸ ಕಲಿಯಲು ಶಾಲೆ ಏಕೆ ಬೇಕು? ನೇಯುವವರ, ಉಳುವವರ, ಚರ್ಮ ಹದ ಮಾಡುವವರ ಮಕ್ಕಳು ಶಾಲೆಗೆ ಬಂದದ್ದು ಆ ಕೆಲಸದಿಂದ ಆಚೆಗೆ ಒಂದು ದಾರಿ ಸಿಕ್ಕೀತೆಂದು. ಪುಸ್ತಕವನ್ನು ತಲೆಮಾರುಗಳಿಂದ ಕೈಗೆ ಕೊಡದವರು ಈಗ ಪುಸ್ತಕಕ್ಕಿಂತ ಕಸುಬು ಮೇಲು ಎಂದರೆ ಅವರಿಗೆ ಅನುಮಾನ ಬಂದದ್ದು ತಪ್ಪಲ್ಲ.

ಈ ಅನುಮಾನ 1953ರಲ್ಲಿ ರಾಜಕೀಯವಾಗಿಯೇ ಸ್ಫೋಟಿಸಿತು. ಮದರಾಸಿನ ಮುಖ್ಯಮಂತ್ರಿ ರಾಜಾಜಿ ಹಳ್ಳಿಗಳ ಪ್ರಾಥಮಿಕ ಶಾಲೆಗಳ ಅವಧಿಯನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿದರು. ಉಳಿದ ಹೊತ್ತು ಮಕ್ಕಳು ಮನೆಯ ಕಸುಬು ಕಲಿಯಲಿ ಎಂಬುದು ಯೋಜನೆ. ಕಾಸರಗೋಡು ತಾಲ್ಲೂಕು ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆ ಮತ್ತು ಕೊಳ್ಳೇಗಾಲ ಆಗ ಮದರಾಸು ರಾಜ್ಯದಲ್ಲೇ ಇದ್ದವು. ಪೆರಿಯಾರ್ ಮತ್ತು ಇತರ ವಿರೋಧಿಗಳು ಇದನ್ನು 'ಕುಲಕಸುಬಿನ ಶಿಕ್ಷಣ' ಎಂದು ಕರೆದು ಚಳವಳಿ ಹೂಡಿದರು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು, ಅನಂತರ ಬಂದ ಕಾಮರಾಜ್ ಯೋಜನೆಯನ್ನೇ ಕೈಬಿಟ್ಟರು. ಮೂಲಶಿಕ್ಷಣ ಮತ್ತು ರಾಜಾಜಿ ಯೋಜನೆ ಒಂದೇ ಅಲ್ಲ. ಮೊದಲನೆಯದರಲ್ಲಿ ಬ್ರಾಹ್ಮಣರ ಮಗುವೂ ನೂಲಬೇಕು, ಎರಡನೆಯದರಲ್ಲಿ ಕುಂಬಾರನ ಮಗು ಚಕ್ರದ ಬಳಿಯೇ ಉಳಿಯುತ್ತದೆ. ಆದರೆ ಜನರ ನೆನಪಿನಲ್ಲಿ ಎರಡೂ ಬೆರೆತುಹೋದವು.

ಕೊಠಾರಿ ಆಯೋಗ (1964–66) ಹಳೆಯ ಹೆಸರು ಬಿಟ್ಟು 'ಕಾರ್ಯಾನುಭವ' ಎಂದಿತು. ಎಪ್ಪತ್ತರ ದಶಕದ ಕೊನೆಗೆ ಅದು 'ಸಮಾಜೋಪಯೋಗಿ ಉತ್ಪಾದಕ ಕಾರ್ಯ'ವಾಯಿತು. ಇಂಗ್ಲಿಷ್ ಮಾಧ್ಯಮದ ಮಕ್ಕಳು ಅದರ ನಾಲ್ಕು ಅಕ್ಷರಗಳನ್ನು 'ಸಮ್ ಯೂಸ್‌ಫುಲ್ ಪೀರಿಯಡ್ಸ್ ವೇಸ್ಟೆಡ್' ಎಂದು ಬಿಡಿಸಿ ಓದಿದರು. ಸಮಿತಿಗಳ ಮೇಲೆ ಇದಕ್ಕಿಂತ ಚುರುಕಾದ ವಿಮರ್ಶೆ ಬಂದಂತಿಲ್ಲ.

ಸರ್ಕಾರದ ಹೊರಗೆ ಒಂದು ಪ್ರಯತ್ನ ಕೋಲಾರ ಜಿಲ್ಲೆಯಲ್ಲಿ ನಡೆಯಿತು. ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಬಳಿ ಡೇವಿಡ್ ಹಾರ್ಸ್‌ಬರ್ಗ್ ಎಂಬ ಇಂಗ್ಲಿಷ್ ಶಿಕ್ಷಕ 1972ರಲ್ಲಿ 'ನೀಲ್‌ಬಾಗ್' ಶಾಲೆ ಆರಂಭಿಸಿದರು. ಸುತ್ತಲ ಹಳ್ಳಿಗಳ ಮಕ್ಕಳು, ಪರೀಕ್ಷೆಯಿಲ್ಲ, ವಯಸ್ಸಿನ ಪ್ರಕಾರ ತರಗತಿಯಿಲ್ಲ. ಬಡಗಿ ಕೆಲಸ, ಮಡಕೆ, ಹೊಲಿಗೆಯ ಜೊತೆಗೆ ಗಣಿತ ಮತ್ತು ಹಲವು ಭಾಷೆಗಳು. ಇಲ್ಲಿ ರೈತನ ಮಗುವಿಗೆ ಕಸುಬೂ ಸಿಕ್ಕಿತು, ಇಂಗ್ಲಿಷೂ ಸಿಕ್ಕಿತು. ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳಲಿಲ್ಲ. ವಾರ್ಧಾ ಯೋಜನೆ ಎಡವಿದ ಕಡೆ ಈ ಪುಟ್ಟ ಶಾಲೆ ಎಡವದಿರಲು ಇದೇ ಕಾರಣವಿರಬೇಕು. ಹಾರ್ಸ್‌ಬರ್ಗ್ 1984ರಲ್ಲಿ ತೀರಿಕೊಂಡರು. ನೀಲ್‌ಬಾಗ್ ಹೆಚ್ಚು ಕಾಲ ಉಳಿಯಲಿಲ್ಲ. ಅಲ್ಲಿ ತರಬೇತಿ ಪಡೆದವರು ಬೆಂಗಳೂರಿನ ಹೊರವಲಯದಲ್ಲಿ, ದೂರದ ಜೈಪುರದಲ್ಲಿ ಅದೇ ಬಗೆಯ ಶಾಲೆಗಳನ್ನು ಕಟ್ಟಿದರು.

ಸರ್ಕಾರಿ ಶಾಲೆಯ ಒಳಗೇ ಬೇರೂರಿದ್ದು 'ನಲಿ-ಕಲಿ'. ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡುಬಂದ ಶಿಕ್ಷಕರು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇದನ್ನು ತೊಡಗಿದರು. 2009–10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಕಾರ್ಡುಗಳು, ಕಲಿಕಾ ಏಣಿ, ನೆಲದ ಮೇಲೆ ಗುಂಪು. ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಇದು ಚಟುವಟಿಕೆಯ ಕಲಿಕೆಯೇ ಹೊರತು ಊರಿನ ನಿಜವಾದ ಕೆಲಸಕ್ಕೆ ಇಳಿಯುವಂಥದ್ದಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆ ಕೆಲಸಕ್ಕೂ ಜಾಗ ಕೊಟ್ಟಿತು: ಆರರಿಂದ ಎಂಟನೇ ತರಗತಿಯ ನಡುವೆ ಚೀಲವಿಲ್ಲದ ಹತ್ತು ದಿನ ಬಡಗಿ, ತೋಟಗಾರ, ಕುಂಬಾರರ ಬಳಿ ಕಲಿಯುವುದು. ವಾರ್ಧಾದಲ್ಲಿ ದಿನಕ್ಕೆ ಮೂರು ಗಂಟೆಗೂ ಮೀರಿ ಇದ್ದದ್ದು ಇಲ್ಲಿ ಮೂರು ವರ್ಷಕ್ಕೆ ಹತ್ತು ದಿನ.

ನಲಿ-ಕಲಿ ಇರುವುದು ಮೂರನೇ ತರಗತಿಯವರೆಗೆ. ನಾಲ್ಕಕ್ಕೆ ಕಾಲಿಟ್ಟ ಮಗುವಿಗೆ ಕಾರ್ಡು, ಏಣಿಗಳು ಹಿಂದೆ ಉಳಿದು ಪಠ್ಯಪುಸ್ತಕ ಮತ್ತು ಕಪ್ಪುಹಲಗೆ ಎದುರಾಗುತ್ತವೆ. ಮುಂದೊಂದು ದಿನ ಎರಡು ನಲ್ಲಿಗಳ ಆ ತೊಟ್ಟಿಯೂ.