ಪಾವನಖಿಂಡದ ದಾರಿ ನಡೆದ ಮ್ಯಾಲೆ

ನಮ್ಮ ಮ್ಯಾಳದಾಗ ಬಾಜಿಪ್ರಭುವಿನ ಪದಾ ನಾ ನಲವತ್ತು ವರ್ಷ ಹಾಡೀನಿ. ಬೇಡಗ, ಆರಗ, ಮ್ಹೈಸಾಳ, ಅತ್ತ ಕಾಗವಾಡ, ಅಥಣಿ ತನಕ ಜಾತ್ರಿಯೊಳಗ ಈ ಪದಾ ಆಗದ ಮಂದಿ ಏಳತಿದ್ದಿಲ್ಲ. ಕನ್ನಡದಾಗ ಸುರು ಮಾಡಿ, ನಡುವ ಮರಾಠಿ ಪೋವಾಡದ ಧಾಟಿ ಹಾಕಿ, ಮತ್ತ ಕನ್ನಡಕ್ಕ ಬರತಿದ್ದೆ. ಗುರುಗಳಿಂದ ಬಂದ ಆ ಪದದಾಗ ಶಿವಾಜಿ ಮಹಾರಾಜರು ಪನ್ಹಾಳಗಡದಿಂದ ಬಿಳೀ ಕುದರಿ ಮ್ಯಾಲೆ ಪಾರಾಗಿ ಹೋಗತಾರ. ಹಲಗಿ ಮ್ಯಾಲೆ ಕುದರಿ ಕಾಲಿನ ಸಪ್ಪಳ ತೆಗೆಯೂದು ನನ್ನ ತಮ್ಮನ ಕೈಚಳಕ. ಆ ಸಪ್ಪಳ ತಪ್ಪು ಅಂತ ತಿಳಕೊಳ್ಳಾಕ ನಾನು ಆ ದಾರಿ ಕಾಲಿಲೆ ನಡೀಬೇಕಾತು.

ನಮ್ಮದು ಬಯಲು ಸೀಮೆ. ಗುಡ್ಡ ಅಂದ್ರ ನಮಗ ಭೋಸೆ ಊರಿನ ದಂಡೋಬಾ. ಶ್ರಾವಣದಾಗ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟಿಕೊಂಡು ಹೋಗಿ, ಗುಡ್ಡ ಕೊರೆದು ಮಾಡಿದ ಗವಿಯೊಳಗಿನ ಮಹಾದೇವರಿಗೆ ಕೈ ಮುಗಿದು, ಇಳಿಯೂ ಮುಂದ ಯಾರು ಮೊದಲ ಅಂತ ಓಡತಿದ್ವಿ. ಅದಕ್ಕ ಯಾರೂ ಟ್ರೆಕ್ಕಿಂಗ್ ಅಂತಿದ್ದಿಲ್ಲ. ದೇವರ ಹೆಸರಿಲೆ ನಮ್ಮ ಆಟ ಆಗತಿತ್ತು. ಈಗ ಕೊಲ್ಹಾಪುರ, ಸಾಂಗಲಿ, ಪುಣೆಯ ಹುಡುಗೂರು ಬೆನ್ನಿಗೆ ಸ್ಯಾಕ್ ಹಾಕಿಕೊಂಡು ಜುಲೈ ತಿಂಗಳ ಮಳಿಯೊಳಗ ಪನ್ಹಾಳದಿಂದ ಪಾವನಖಿಂಡಕ್ಕ ಎರಡು ದಿನ ನಡೀತಾರ. ಏಳೆಂಟು ವರ್ಷದ ಹಿಂದ ನಮ್ಮೂರ ಹುಡುಗೂರು ಹೊಂಟಾಗ, "ಕಾಕಾ, ನೀವೂ ಬರ್ರಿ, ದಾರಿಗುಂಟ ಹಾಡಾಕ ಆಗತೈತಿ" ಅಂದ್ರು. ಹೊಂಟೆ.

ಮೊದಲ ನಡೆದ ಸಂಗತಿ ಹೇಳತೀನಿ. 1659ರ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಅಫಜಲಖಾನ ಸತ್ತನು. ಅದೇ ತಿಂಗಳ ಕೊನೆಗೆ ಶಿವಾಜಿ ಮಹಾರಾಜರು ವಿಜಾಪುರದ ಆದಿಲಶಾಹಿ ಕೈಯಲ್ಲಿದ್ದ ಪನ್ಹಾಳ ತೆಗೆದುಕೊಂಡರು. ಈ ಗಡ ಕಟ್ಟಿಸಿದವನು ಶಿಲಾಹಾರರ ಎರಡನೇ ಭೋಜರಾಜ. ಆ ಮನೆತನದ ಶಾಸನಗಳು ಕನ್ನಡದಾಗೂ ಅದಾವ, ಅಂದಮ್ಯಾಲೆ ಪನ್ಹಾಳ ನಮಗೂ ಪರಕೀದಲ್ಲ. ಪನ್ಹಾಳ ಆದ ಮೇಲೆ ಮಹಾರಾಜರು ನಮ್ಮ ಮಿರಜ ಕೋಟೆಗೇ ಮುತ್ತಿಗೆ ಹಾಕಿದರು. ಅದು ಕೈಗೆ ಬರೂದರೊಳಗ ವಿಜಾಪುರದ ಸರದಾರ ಸಿದ್ದಿ ಜೋಹರ ದೊಡ್ಡ ಫೌಜು ತಗೊಂಡು ಬರೂ ಸುದ್ದಿ ಬಂತು. ಮುತ್ತಿಗೆ ಬಿಟ್ಟು 1660ರ ಮಾರ್ಚಿನಲ್ಲಿ ಪನ್ಹಾಳ ಸೇರಿದರು. ಅಂದ್ರ ಈ ಕಥಿಯ ಒಂದು ತುದಿ ನಮ್ಮ ಮಿರಜದಾಗ ಐತಿ. ಏಳನೇ ಇಯತ್ತೆ ತನಕ ನನಗ ಇದನ್ನ ಯಾರೂ ಹೇಳಲಿಲ್ಲ. ಈಗಿನ ಮಾಸ್ತರರು ಹುಡುಗೂರಿಗೆ ಹೇಳಬೇಕು.

ಸಿದ್ದಿ ಜೋಹರ ನಾಲ್ಕು ತಿಂಗಳು ಗಡ ಸುತ್ತುಗಟ್ಟಿ ಕುಂತ. ಮಳೆಗಾಲ ಬಂದರೂ ಕದಲಲಿಲ್ಲ. ರಾಜಾಪುರದ ವಖಾರಿಯ ಇಂಗ್ರೇಜರು ಸಹ ತೋಪು ತಂದು ಅವನ ಕಡೆ ನಿಂತರು. ಕಡೆಗೆ ಜುಲೈ 12ರ ರಾತ್ರಿ, ಆಷಾಢದ ಮಳಿಯೊಳಗ, ಮಹಾರಾಜರು ಗಡ ಇಳಿದರು. ಇಳಿದದ್ದು ಪಲ್ಲಕ್ಕಿಯೊಳಗ. ಅವರ ವೇಷ ಹಾಕಿಕೊಂಡು ಇನ್ನೊಂದು ಪಲ್ಲಕ್ಕಿಯೊಳಗ ಕುಂತವ ಶಿವಾ ಕಾಶೀದ, ಗಡದ ಬುಡದ ನೇಬಾಪುರದ ಕ್ಷೌರಿಕ. ಬೇಕಂತಲೇ ವೈರಿ ಕೈಗೆ ಸಿಕ್ಕು ಜೀವ ಕೊಟ್ಟ. ಪುಸ್ತಕದಾಗ ಪಲ್ಲಕ್ಕಿ ಅಂತ ಬರದದ್ದನ್ನ ನಾನೂ ಓದಿದ್ದೆ. ಆದರ ಜಾತ್ರಿಯೊಳಗ ಕುದರಿಗೆ ಬೀಳೂ ಚಪ್ಪಾಳಿ ಪಲ್ಲಕ್ಕಿಗೆ ಬೀಳೂದಿಲ್ಲ. ಅದಕ್ಕ ಸುಮ್ಮನಿದ್ದೆ.

ನಾವು ಗಡ ಇಳಿದು ಮಸಾಯಿ ಪಠಾರ ಹತ್ತಿದ್ವಿ. ಅದೊಂದು ಗುಡ್ಡದ ತಲಿ ಮ್ಯಾಲಿನ ಚಪ್ಪಟಿ ಬಯಲು. ಮಂಜು ಎಷ್ಟಂದ್ರ ಮುಂದಿನವನ ಬೆನ್ನು ಕಾಣೂದಿಲ್ಲ. ಅಲ್ಲಿಂದ ಇಳಿದ ಮ್ಯಾಲೆ ಖೋತವಾಡಿ, ಕರಪೇವಾಡಿ, ಆಂಬೇವಾಡಿ. ದಾರಿ ಅಂದ್ರ ಭತ್ತದ ಗದ್ದಿ ಬದು, ಅಡವಿ, ಹಳ್ಳ, ಕೆಂಪು ಕೆಸರು. ಕಾಲಿಗೆ ಜಿಗಣಿ. ಮೊದಲನೇ ದಿನ ಹಾಡಿದೆ, ಹುಡುಗೂರು ಕುಣಿದ್ರು.

ಎರಡನೇ ದಿನ ಒಂದು ಹಳ್ಳ ದಾಟೂ ಮುಂದ ನಮ್ಮ ಹುಡುಗ ಒಬ್ಬ ಪಾಚಿಗಟ್ಟಿದ ಕಲ್ಲಿನ ಮ್ಯಾಲೆ ಜಾರಿ ಬಿದ್ದ. ಕಾಲು ಮುರಿದಿತ್ತು, ನೆಲಕ್ಕ ಹಚ್ಚಲಾರ. ಗಾಡಿ ಬರೂ ದಾರಿ ದೂರ. ಹತ್ತಿರದ ಧನಗರ ವಾಡೆಯವರು ಕಂಬಳಿ, ಗಟ್ಟಿ ಬಿದಿರು ತಂದ್ರು. ಕಂಬಳಿ ಬಿದಿರಿಗೆ ಜೋಳಗಿ ಹಂಗ ಕಟ್ಟಿ, ಅದರಾಗ ಅವನ್ನ ಮಲಗಿಸಿ, ಹಿಂದ ಮುಂದ ಹೊತ್ವಿ. ನಾನು ಎಲಿ ತೋಟದವ, ಎಲಿ ಬುಟ್ಟಿ ಹೊತ್ತು ಬೆಳೆದ ಹೆಗಲು. ಆದ್ರೂ ನೂರು ಹೆಜ್ಜಿಗೆ ಉರಿಯಾಕ ಹತ್ತಿತು. ಮುಂದಿನವ ಜಾರಿದ್ರ ಹಿಂದಿನವನ ಕುತ್ತಿಗಿ ಮುರಿತೈತಿ ಅನ್ನಸ್ತದ. ಧನಗರ ಹಿರಿಯ ಮರಾಠಿಯೊಳಗ, ಮಾತು ಬಿಡ್ರಿ, ಹೆಜ್ಜಿ ಕೂಡಸ್ರಿ ಅಂತ ಗದರಿಸಿದ. ಹೆಜ್ಜಿ ಕೂಡಿದ ಮ್ಯಾಲೆ ಭಾರ ಸ್ವಲ್ಪ ಹಗುರಾತು. ಹೆಗಲು ಬದಲ ಮಾಡಿಕೋತ ಎರಡು ತಾಸು ನಡೆದ್ವಿ. ಗಾಡಿ ಸಿಕ್ಕಾಗ ನಾ ಕೆಸರಿನಾಗ ಕುಂತುಬಿಟ್ಟೆ.

ಅಲ್ಲೇ ಕುಂತು ಲೆಕ್ಕ ಹಾಕಿದೆ. ಪನ್ಹಾಳದಿಂದ ವಿಶಾಳಗಡ ಸುಮಾರು 60 ಕಿಲೋಮೀಟರ್. ಕತ್ತಲಿ, ಮಳಿ, ಹಿಂದ ಸಿದ್ದಿ ಮಸೂದನ ಕುದರಿ ಪಡೆ. ನಾವು ಎಂಟು ಮಂದಿ ಎರಡು ತಾಸಿಗೆ ಸೋತ್ವಿ. ಅವರು ರಾತ್ರಿಯೆಲ್ಲಾ ಹೊತ್ತು ಓಡಿದ್ರು. ಆ ಭೋಯಿಗಳ ಪೈಕಿ ಒಬ್ಬನ ಹೆಸರೂ ನನ್ನ ಪದದಾಗ ಇಲ್ಲ. ಹೆಸರು ಹೋಗಲಿ, ಅವರ ಹೆಗಲೂ ಇಲ್ಲ. ಅವರ ಜಾಗಾದಾಗ ನಾ ನಲವತ್ತು ವರ್ಷ ಕುದರಿ ಓಡಿಸೀನಿ.

ಖಿಂಡ ಅಂದ್ರ ಕಣಿವಿ. ಅದರ ಹಳೇ ಹೆಸರು ಘೋಡಖಿಂಡ. ಬಾಜಿಪ್ರಭು ದೇಶಪಾಂಡೆ ಬಾಂದಲ ಮಾವಳೆಯರ ಸಂಗಡ ಅಲ್ಲಿ ನಿಂತು ವೈರಿಯನ್ನು ತಡೆದ. ಮಹಾರಾಜರು ಮುಂದೆ ಹೋಗಿ, ವಿಶಾಳಗಡದ ಬುಡದಲ್ಲಿ ಸುರ್ವೆ, ದಳವಿಯವರ ಮುತ್ತಿಗೆ ಸೀಳಿ ಗಡ ಸೇರಿದರು. ಗಡದ ತೋಪಿನ ಸಪ್ಪಳ ಕೇಳಿದ ಮ್ಯಾಲೆನೇ ಬಾಜಿ ಪ್ರಾಣ ಬಿಟ್ಟ ಅನ್ನೂದು ಪದದ ಮಾತು. ನಾವು ಖಿಂಡಕ್ಕ ಇಳಿದಾಗ ಹಳ್ಳ ತುಂಬಿ ಹರೀತಿತ್ತು. ಬಾಜೂ ನಿಂತವನ ಮಾತು ಕೇಳಸ್ತಿದ್ದಿಲ್ಲ. ಹುಡುಗೂರು ಹಾಡ್ರಿ ಅಂದ್ರು. ಬಾಯಿ ಏಳಲಿಲ್ಲ.

ಊರಿಗೆ ಬಂದು ಪದಾ ತಿದ್ದಿದೆ. ಮಹಾರಾಜರನ್ನ ಪಲ್ಲಕ್ಕಿಯೊಳಗ ಕೂಡಿಸಿದೆ, ಭೋಯಿಗಳಿಗೆ ನಾಕು ನುಡಿ ಕಟ್ಟಿದೆ. ಮೊದಲನೇ ಜಾತ್ರಿಯೊಳಗೇ ಒಬ್ಬ ಹಿರಿಯರು ಎದ್ದು ನಿಂತು, "ಕುದರಿ ಯಾರಿಗೆ ಮಾರಿದ್ಯೋ?" ಅಂದ್ರು. ಮಂದಿ ನಕ್ಕರು. ತಮ್ಮ ಒಂದು ವರ್ಷ ನನ್ನ ಸಂಗಡ ಸರಿಯಾಗಿ ಮಾತಾಡಲಿಲ್ಲ, ಹಲಗಿಗೆ ಕೆಲಸ ಇಲ್ಲದಂಗ ಮಾಡಿದೆ ಅಂತ. ಕಾಲು ಮುರಿದ ಹುಡುಗ ಈಗ ಮತ್ತ ಪ್ರತಿ ಜುಲೈಗೆ ಹೊಂಟಿರತಾನ. ಅವನ ಸ್ಯಾಕಿನಾಗ ಹಗ್ಗ, ಕಂಬಳಿ ಇರತಾವ. ತಮ್ಮನೂ ಹಾದಿಗೆ ಬಂದಾನ. ಕುದರಿ ಸಪ್ಪಳ ಈಗ ಸಿದ್ದಿ ಮಸೂದನ ಪಡೆಗೆ ಬಾರಸ್ತಾನ.